ತೊಳೆದಷ್ಟೂ ಜಾಸ್ತಿಯಾದ ವಾಸನೆ

ಮುಟ್ಟು ಮುಗಿದ ಮರುದಿನ ಹಸಿ ಬಂಗುಡೆಯಂಥ ವಾಸನೆ. ನೀರಿನ ಹಾಗೆ ತೆಳ್ಳಗೆ, ಬೂದು ಬಣ್ಣದ ಬಿಳಿ ಸೆರಗು. ತುರಿಕೆ ಇಲ್ಲ, ನೋವಿಲ್ಲ. ಮಂಗಳೂರಿನ ಮಳೆಗಾಲ, ಬಟ್ಟೆ ಸರಿಯಾಗಿ ಒಣಗುವುದಿಲ್ಲ, ಅದರದ್ದೇ ಇರಬೇಕು ಅಂದುಕೊಂಡೆ. ದಿನಕ್ಕೆ ಮೂರು ಸಲ ಸೋಪು ಹಾಕಿ ಒಳಗಿನವರೆಗೂ ತೊಳೆದೆ. ಮೆಡಿಕಲ್‌ನಲ್ಲಿ ಕೊಟ್ಟ ಫಂಗಸ್ ಮಾತ್ರೆಯನ್ನೂ ಒಳಗೆ ಇಟ್ಟುಕೊಂಡೆ. ವಾಸನೆ ಜಾಸ್ತಿಯೇ ಆಯಿತು.

ನಾಚಿಕೆಯಲ್ಲೇ ಮೂರು ತಿಂಗಳು ಕಳೆದೆ. ಕೊನೆಗೆ ಲೇಡಿ ಡಾಕ್ಟರ್ ಹತ್ತಿರ ಹೋದೆ. ಅವರು ಹತ್ತಿಯ ಕಡ್ಡಿಯಲ್ಲಿ ಸ್ವಲ್ಪ ದ್ರವ ತೆಗೆದು ಚಿಕ್ಕ ಹಳದಿ ಕಾಗದಕ್ಕೆ ಮುಟ್ಟಿಸಿದರು. ಕಾಗದ ಹಸಿರಾಯಿತು. "ನೋಡಿ, ಪಿಎಚ್ 4.5ಕ್ಕಿಂತ ಮೇಲೆ ಹೋಗಿದೆ, ಅಂದರೆ ಹುಳಿ ಕಡಿಮೆಯಾಗಿದೆ. ಅಲ್ಲಿ ಹುಳಿ ಇರಬೇಕು. ಅದನ್ನು ಮಾಡುವುದು ಲ್ಯಾಕ್ಟೋಬ್ಯಾಸಿಲಸ್ ಅನ್ನುವ ಒಳ್ಳೆಯ ಬ್ಯಾಕ್ಟೀರಿಯಾ. ನೀವು ಅವನ್ನೇ ತೊಳೆದು ಹಾಕ್ತಿದ್ದೀರಲ್ಲ" ಅಂದರು. ಕಾಯಿಲೆಯ ಹೆಸರು ಬ್ಯಾಕ್ಟೀರಿಯಲ್ ವಜೈನೋಸಿಸ್, ಅಂದರೆ ಯೋನಿಯಲ್ಲಿ ಒಳ್ಳೆಯವು ಕಡಿಮೆಯಾಗಿ ಬೇರೆ ಬ್ಯಾಕ್ಟೀರಿಯಾ ಹೆಚ್ಚುವುದು. ಫಂಗಸ್ ಆದರೆ ಸೆರಗು ಒಡೆದ ಮೊಸರಿನ ಹಾಗೆ ಗಟ್ಟಿ, ತುರಿಕೆಯೂ ಜಾಸ್ತಿ. ಅದರ ಮಾತ್ರೆ ಇದಕ್ಕೆ ತಾಗುವುದಿಲ್ಲ.

ಮೆಟ್ರೊನಿಡಜೋಲ್ 400 ಮಿಲಿಗ್ರಾಂ, ದಿನಕ್ಕೆ ಎರಡು, 7 ದಿನ. ಬಾಯೆಲ್ಲ ಕಬ್ಬಿಣದ ರುಚಿ. ಗಂಜಿ, ಉಪ್ಪಿನಕಾಯಿ ಕೂಡ ಸೇರಲಿಲ್ಲ. ಮೂರನೇ ದಿನಕ್ಕೇ ವಾಸನೆ ಹೋಯಿತು, ಆದರೂ ಏಳೂ ದಿನ ನುಂಗಿದೆ.

ಎರಡು ತಿಂಗಳಿಗೆ ಮತ್ತೆ ಬಂತು. ಅತ್ತುಬಿಟ್ಟೆ. ಈ ಸಲ ಗಂಡನಿಗೂ ಮದ್ದು ಅಂದರು ಡಾಕ್ಟರ್. ಆಸ್ಟ್ರೇಲಿಯಾದಲ್ಲಿ ಜೋಡಿಗಳ ಮೇಲೆ ಮಾಡಿದ ಅಧ್ಯಯನ 2025ರಲ್ಲಿ ಪ್ರಕಟವಾಗಿದೆ. ಹೆಣ್ಣಿಗೆ ಮಾತ್ರ ಮದ್ದು ಕೊಟ್ಟಾಗ 12 ವಾರದೊಳಗೆ 100ರಲ್ಲಿ 63 ಜನರಿಗೆ ಮರುಕಳಿಸಿತ್ತು. ಇಬ್ಬರಿಗೂ ಕೊಟ್ಟಾಗ 35. ನನ್ನ ಗಂಡನಿಗೂ ಅದೇ ಮಾತ್ರೆ, ಜೊತೆಗೆ ಹಚ್ಚಲು ಕ್ಲಿಂಡಾಮೈಸಿನ್ ಕ್ರೀಮ್ ದಿನಕ್ಕೆರಡು ಸಲ. ಇಬ್ಬರಿಗೂ ಒಂದೇ ವಾರ. "ನನಗೇನೂ ಆಗಿಲ್ವಲ್ಲ" ಅಂದರು ಇವರು. ಗಂಡಸರಲ್ಲಿ ಏನೂ ಕಾಣದೆಯೂ ಈ ಕಾಯಿಲೆಯ ಬ್ಯಾಕ್ಟೀರಿಯಾ ಇರಬಹುದು ಎಂದು ಡಾಕ್ಟರ್ ಬಾಯಿಂದಲೇ ಹೇಳಿಸಬೇಕಾಯಿತು. ಮದ್ದು ಮುಗಿಯುವ ತನಕ ಬೇರೆ ಬೇರೆ ಮಲಗಿದೆವು.

ಈಗ ಹೊರಗೆ ಬರೀ ನೀರು, ಒಳಗೆ ಏನೂ ಹಾಕುವುದಿಲ್ಲ. ಪರಿಮಳದ ವಾಶ್ ಬಾಟಲಿ ಎಸೆದೆ. ಎಂಟು ತಿಂಗಳಾಯಿತು, ಮತ್ತೆ ಬಂದಿಲ್ಲ.

ಮೊನ್ನೆ ಉಡುಪಿಯಿಂದ ತಂಗಿ ಫೋನ್ ಮಾಡಿದಳು. ಬಸುರಿ ಅವಳು. ಅದೇ ವಾಸನೆಯಂತೆ, "ಅಕ್ಕಾ, ನಿನ್ನ ಮಾತ್ರೆಯ ಹೆಸರು ಹೇಳು" ಅಂದಳು. ಹೇಳಲಿಲ್ಲ. ಬಸುರಿಯರಿಗೆ ಇದಿದ್ದರೆ ದಿನ ತುಂಬುವ ಮೊದಲೇ ಹೆರಿಗೆಯಾಗುವ ಅಪಾಯ ಜಾಸ್ತಿ. ಇವತ್ತೇ ಡಾಕ್ಟರಿಗೆ ತೋರಿಸು, ಸಂಜೆ ನಾನೇ ಬಸ್ ಹತ್ತಿ ಬರ್ತೇನೆ ಅಂದೆ.