ಬರ್ಚ್ ಗನ್ ಮೇಜಿನ ಮೇಲೆ ಗೆದ್ದ ಬಗೆ: ನನ್ನ ಅನುಭವ

ಇಂಗ್ಲೆಂಡಿನ ಸಾಲಿಸ್‌ಬರಿ ಬಯಲಿನಲ್ಲಿ 1927ರಲ್ಲಿ ನಡೆದ ಬ್ರಿಟಿಷ್ ಸೇನೆಯ ಯಾಂತ್ರೀಕೃತ ಪಡೆಯ ಕವಾಯತನ್ನು 15 ಮಿಲಿಮೀಟರ್ ಅಳತೆಯ ಆಟಿಕೆ ಸೈನಿಕರೊಂದಿಗೆ ಮೇಜಿನ ಮೇಲೆ ಆಡುವ ನಮ್ಮ ಬಳಗದಲ್ಲಿ, ಟ್ಯಾಂಕಿನ ಚಾಸಿಯ ಮೇಲೆ ಕೂರಿಸಿದ ಫಿರಂಗಿಯಾದ ಬರ್ಚ್ ಗನ್ ಬಗ್ಗೆ ಒಂದೇ ಅಭಿಪ್ರಾಯವಿತ್ತು: ಗಾಜಿನ ಕಪಾಟಿಗೆ ಚೆಂದ, ಆಟಕ್ಕೆ ದಂಡ. ನಾನು ಸೌತಾಂಪ್ಟನ್‌ನಲ್ಲಿ ನೆಲೆಸಿ ಒಂಬತ್ತು ವರ್ಷವಾಯಿತು. ಅದರಲ್ಲಿ ಎರಡು ವರ್ಷ ಈ ಒಂದು ವಾಹನದ ಹಿಂದೆಯೇ, ರೆಸಿನ್ ಎಂಬ ದ್ರವದಿಂದ ಅದರ ಪುಟ್ಟ ಮಾದರಿಗಳನ್ನು 3ಡಿ ಮುದ್ರಿಸುತ್ತಾ ಆಡುತ್ತಾ, ಕಳೆದಿದ್ದೇನೆ. ಬಳಗದಲ್ಲಿರುವ ಇನ್ನೊಬ್ಬ ಕನ್ನಡಿಗರು, ಶಿವಮೊಗ್ಗದವರು, ಮೊದಲ ದಿನವೇ "ಸುಮ್ಮನೆ ರೆಸಿನ್ ಹಾಳು ಮಾಡ್ತಿದ್ದೀರಿ ಸಾರ್" ಎಂದಿದ್ದರು. ಮೊದಲ ಏಳು ಆಟಗಳಲ್ಲಿ ಅವರ ಮಾತೇ ನಿಜವಾಯಿತು. ಆಮೇಲಿನ ಐದರಲ್ಲಿ ನಾಲ್ಕನ್ನು ನಾನು ಗೆದ್ದೆ, ಅದೂ ಸೈನ್ಯದ ಪಟ್ಟಿಯಲ್ಲಿ ಒಂದು ಟ್ಯಾಂಕನ್ನೂ ಹೆಚ್ಚಿಸಿಕೊಳ್ಳದೆ.

ಈ ಫಿರಂಗಿಯನ್ನು 1925ರಲ್ಲಿ ವೂಲಿಚ್‌ನ ರಾಯಲ್ ಆರ್ಸೆನಲ್‌ನಲ್ಲಿ ಕಟ್ಟಿದರು. ವಿಕರ್ಸ್ ಮೀಡಿಯಂ ಟ್ಯಾಂಕಿನ ಚಾಸಿಯ ಮೇಲೆ 18 ಪೌಂಡರ್ (ಸುಮಾರು 18 ಪೌಂಡ್ ತೂಕದ ಗುಂಡು ಹಾರಿಸುವ) ತೋಪನ್ನು ಕೂರಿಸಿ, ಆಗ ಸೇನೆಯ ಶಸ್ತ್ರಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ ಜನರಲ್ ಸರ್ ನೋಯೆಲ್ ಬರ್ಚ್ ಅವರ ಹೆಸರನ್ನು ಅದಕ್ಕಿಟ್ಟರು. ಆ ಟ್ಯಾಂಕಿನ ಎಂಜಿನ್ ಮುಂಭಾಗದಲ್ಲಿದ್ದುದರಿಂದ ಹಿಂದೆ ವಿಶಾಲವಾದ ಜಾಗ ಸಿಕ್ಕಿತು. ಅಲ್ಲಿ ತೆರೆದ ಕಟ್ಟೆಯ ಮೇಲೆ ತೋಪು ಸುತ್ತಲೂ ತಿರುಗುತ್ತಿತ್ತು. ನನ್ನ ಗೆಲುವುಗಳೆಲ್ಲ ನಿಂತಿರುವುದು ಈ ಸುತ್ತು ತಿರುಗುವ ಗುಣದ ಮೇಲೆ. ನನ್ನ ಸೋಲುಗಳಿಗೆ ಆ ಕಟ್ಟೆ ತೆರೆದಿದ್ದುದೇ ಕಾರಣ.

ಮೊದಲು ಮುದ್ರಣದ ಕಥೆ, ಏಕೆಂದರೆ ದುಡ್ಡು ಹೋದದ್ದು ಅಲ್ಲಿ. 1:100 ಅಳತೆಯಲ್ಲಿ ವಾಹನದ ಉದ್ದ ಐದೂಕಾಲು ಸೆಂಟಿಮೀಟರ್ ಆಸುಪಾಸು ಬರುತ್ತದೆ. ಹಳೆಯ ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು ನಾನೇ ಮಾದರಿ ರಚಿಸಿದೆ. ಹನ್ನೊಂದು ಮುದ್ರಣಗಳು ಕೆಟ್ಟವು. ತೆರೆದ ಕಟ್ಟೆಯ ತೆಳ್ಳನೆಯ ಪಕ್ಕಗಳು ಬೆಳಕಿನಲ್ಲಿ ಗಟ್ಟಿಯಾಗುವಾಗ ಒಳಕ್ಕೆ ಬಾಗುತ್ತಿದ್ದವು, ತೋಪಿನ ನಳಿಗೆಯಂತೂ ಎರಡೇ ವಾರದಲ್ಲಿ ಬಾಳೆ ಎಲೆಯ ದಿಂಡಿನಂತೆ ಸೊಟ್ಟಗಾಗುತ್ತಿತ್ತು. ಕೊನೆಗೆ ನಳಿಗೆಯನ್ನು ಮುದ್ರಿಸುವುದನ್ನೇ ಬಿಟ್ಟು ಒಂದೂವರೆ ಮಿಲಿಮೀಟರಿನ ಹಿತ್ತಾಳೆ ಕೊಳವೆಯನ್ನು ಕತ್ತರಿಸಿ ಕೂರಿಸಿದೆ. ರೆಸಿನ್ ಮೂರು ಬಾಟಲಿ, ತೊಟ್ಟಿಯ ತಳದ ಹಾಳೆ ಎರಡು, ಹಿತ್ತಾಳೆ, ಅಯಸ್ಕಾಂತ, ಬಣ್ಣ ಎಲ್ಲ ಸೇರಿ ಸುಮಾರು 140 ಪೌಂಡ್ ಆಗಿರಬೇಕು. ಒಬ್ಬ ಮಾರಾಟಗಾರರಿಂದ ಬಂದ ಅಯಸ್ಕಾಂತಗಳಲ್ಲಿ ಅರ್ಧದಷ್ಟಕ್ಕೆ ಹಿಡಿತವೇ ಇರಲಿಲ್ಲ. ಆ ಹಣ ವಾಪಸು ಬರಲಿಲ್ಲ. ಆದರೂ ಈಗ ನನ್ನ ಬಳಿ ಇರುವ ನಾಲ್ಕು ತೋಪುಗಳಷ್ಟು ಸಲೀಸಾಗಿ ಸುತ್ತು ತಿರುಗುವ ಬರ್ಚ್ ಗನ್ ಅನ್ನು ನಾನು ಬೇರೆ ಯಾವ ಮೇಜಿನ ಮೇಲೂ ನೋಡಿಲ್ಲ.

ಇನ್ನು ಆಟ. ಮೊದಲ ಮೂರು ಸಲ ಎಲ್ಲರಂತೆ ನಾನೂ ಅದನ್ನು ದಿಬ್ಬದ ಹಿಂದೆ ನಿಲ್ಲಿಸಿ ದೂರದಿಂದ ಗುಂಡು ಹಾರಿಸಿದೆ. ಎಳೆದೊಯ್ಯುವ 18 ಪೌಂಡರ್ ತೋಪು ಅದೇ ಕೆಲಸವನ್ನು ನಮ್ಮ ಮನೆನಿಯಮದ ಪ್ರಕಾರ ಮೂರನೇ ಎರಡರಷ್ಟು ಅಂಕಕ್ಕೆ, ಅಂದರೆ ಪಡೆಗೆ ಸೇರಿಸಿಕೊಳ್ಳಲು ತೆರುವ ಬೆಲೆಗೆ, ಮಾಡುತ್ತದೆಯಾದ್ದರಿಂದ ಲೆಕ್ಕದಲ್ಲೇ ಸೋತೆ. ಮುಂದಿನ ನಾಲ್ಕು ಸಲ ಟ್ಯಾಂಕುಗಳ ಜತೆ ಮುಂಚೂಣಿಗೆ ನುಗ್ಗಿಸಿದೆ. ಆರು ಜನರ ತೋಪುಪಡೆ ತಲೆಯ ಮೇಲೆ ಸೂರಿಲ್ಲದೆ ನಿಂತಿರುವಾಗ ಎದುರಾಳಿಯ ಮೆಷಿನ್ ಗನ್‌ಗಳಿಗೆ ಇನ್ನೇನು ಬೇಕು? ಎರಡು ಸರದಿ ಮುಗಿಯುವಷ್ಟರಲ್ಲಿ ತೋಪುಗಳು ಮೂಕವಾದವು.

ದಾರಿ ಹೊಳೆದದ್ದು ಆಟದ ನಿಯಮಗಳಿಂದಲ್ಲ, 1927ರ ಆ ಯಾಂತ್ರೀಕೃತ ಪಡೆಯ ರಚನೆಯಿಂದ. ಕರ್ನಲ್ ಕಾಲಿನ್ಸ್ ಅವರ ಕೈಕೆಳಗಿನ ಪಡೆಯಲ್ಲಿ ಶಸ್ತ್ರಸಜ್ಜಿತ ಕಾರು, ಟ್ಯಾಂಕು, ಲಾರಿಯಲ್ಲಿ ಸಾಗುವ ಪದಾತಿ, ಡ್ರ್ಯಾಗನ್ ಎಂಬ ಪಟ್ಟಿಚಕ್ರದ ಎಳೆಬಂಡಿಗೆ ಕಟ್ಟಿದ ತೋಪು, ಎಲ್ಲವೂ ಇದ್ದವು. ಒಂದೊಂದರ ವೇಗ ಒಂದೊಂದು ಬಗೆ. ಟ್ಯಾಂಕಿನದೇ ಚಾಸಿ ಇರುವುದರಿಂದ ಟ್ಯಾಂಕು ಹೋದಲ್ಲಿಗೆ ಹೋಗಬಲ್ಲ ಫಿರಂಗಿ ಬರ್ಚ್ ಗನ್ ಒಂದೇ. ವಿಕರ್ಸ್ ಟ್ಯಾಂಕಿನ 3 ಪೌಂಡರ್ ತೋಪು ಕವಚ ಸೀಳುವುದಕ್ಕೆ ಸರಿ, ಆದರೆ ಬೇಲಿಸಾಲಿನಲ್ಲಿ ಅಡಗಿದ ಫಿರಂಗಿಯ ಬಾಯಿ ಮುಚ್ಚಿಸುವುದಕ್ಕೆ ಅದು ಸಾಲದು. ಎಂಟೂಕಾಲು ಕಿಲೋ ಮೀರಿದ 18 ಪೌಂಡರ್ ಗುಂಡು ಮಾಡಬೇಕಾದ ಕೆಲಸ ಅದು. ಹೀಗಾಗಿ ಬರ್ಚ್ ಗನ್ ಅನ್ನು ಟ್ಯಾಂಕಿನಂತೆಯೂ ಅಲ್ಲ, ದೂರದ ಫಿರಂಗಿಯಂತೆಯೂ ಅಲ್ಲ, ಟ್ಯಾಂಕಿನ ಬೆನ್ನಿಗಿರುವ ಕಾವಲುಗಾರನಂತೆ ನಡೆಸಲು ತೀರ್ಮಾನಿಸಿದೆ.

ಈಗ ನಾನು ಎರಡೆರಡನ್ನು ಜೋಡಿಯಾಗಿ ನಡೆಸುತ್ತೇನೆ. ಮುಂಚೂಣಿಯ ಟ್ಯಾಂಕಿಗಿಂತ ಒಂದು ಗೇಣಿನಷ್ಟು ಹಿಂದೆ, ಬೇಲಿಯ ಅಥವಾ ಗುಡ್ಡದಂಚಿನ ಮರೆಯಲ್ಲಿ ಒಂದು ನಿಂತಿರುತ್ತದೆ, ಇನ್ನೊಂದು ಮುಂದಿನ ಮರೆಗೆ ಸಾಗುತ್ತಿರುತ್ತದೆ. ಎದುರಾಳಿಯ ತೋಪು ಗುಂಡು ಹಾರಿಸಿ ತನ್ನ ಜಾಗ ತೋರಿಸಿಕೊಡುವ ತನಕ ನಾನು ಬಾಯಿ ತೆರೆಯುವುದಿಲ್ಲ. ತೋರಿಸಿಕೊಟ್ಟ ಸರದಿಯಲ್ಲೇ ನೇರ ಗುರಿಯಿಟ್ಟು ಹೊಡೆಯುತ್ತೇನೆ. ವಾಹನವನ್ನು ತಿರುಗಿಸುವ ಅಗತ್ಯವಿಲ್ಲದಿರುವುದರಿಂದ ಪಕ್ಕದಿಂದ ಬಂದ ಬೆದರಿಕೆಗೂ ಅದೇ ಉತ್ತರ. ಡ್ರ್ಯಾಗನ್‌ನಿಂದ ಬಿಚ್ಚಿ ಹೂಡಬೇಕಾದ ತೋಪು ಇದೇ ಕೆಲಸಕ್ಕೆ ನಮ್ಮ ನಿಯಮದಲ್ಲಿ ಎರಡು ಸರದಿ ಕಳೆದುಕೊಳ್ಳುತ್ತದೆ. ನಿಂತ ತಕ್ಷಣ ಹೊಡೆಯುವುದು ಅನ್ಯಾಯವೆಂದು ಬಳಗದ ಹಿರಿಯರೊಬ್ಬರು ವಾದಿಸಿದ್ದರಿಂದ ಆ ಸರದಿಯಲ್ಲಿ ದಾಳದಲ್ಲಿ ಬಿದ್ದ ಸಂಖ್ಯೆಯಿಂದ ಒಂದನ್ನು ಕಳೆಯಲು ಒಪ್ಪಿಕೊಂಡೆ. ಅಷ್ಟಾದರೂ ಲೆಕ್ಕ ನನ್ನ ಕಡೆಗೇ ವಾಲಿತು. ಯಾವ ಸರದಿಯಲ್ಲಿ ಜೋಡಿಯನ್ನು ಅದಲುಬದಲು ಮಾಡಬೇಕೆಂಬುದು ನಾನೇ ಎಣಿಕೆ ಹಾಕಿ ಕಂಡುಕೊಂಡದ್ದು. ಮುಂದಿನ ಋತುವಿನ ಆಟಗಳು ಮುಗಿಯುವ ತನಕ ಅದನ್ನು ಬರೆಯುವುದಿಲ್ಲ.

ನಡುವೆ ಎರಡು ಪ್ರಯೋಗಗಳನ್ನೂ ಮಾಡಿದೆ. ಈ ತೋಪಿನಿಂದ ವಿಮಾನಕ್ಕೂ ಗುರಿಯಿಡುವ ಯೋಚನೆ ಆ ಕಾಲದಲ್ಲಿತ್ತು. ಅದನ್ನು ನಂಬಿ ನಾಲ್ಕು ಆಟಗಳಲ್ಲಿ ವಿಮಾನದ ಬಿಲ್ಲೆಗಳನ್ನು ಸೇರಿಸಿದೆ. ಒಂದೇ ಒಂದು ಸಲ ಗುರಿ ತಾಗಿತು, ಅಷ್ಟರಲ್ಲಿ ನೆಲದ ಮೇಲಿನ ಕೆಲಸವೆಲ್ಲ ಕೆಟ್ಟಿತ್ತು. ಎರಡನೆಯದು ತೋಪಿಗೆ ಗೋಪುರ ಕಟ್ಟಿದ ಕೊನೆಯ ಮಾದರಿ. ರಟ್ಟಿನಲ್ಲಿ ಗೋಪುರ ಕಟ್ಟಿ ಆಡಿದಾಗ ತೋಪುಪಡೆ ಬದುಕಿ ಉಳಿಯಿತು ನಿಜ, ಆದರೆ ನಳಿಗೆಯನ್ನು ಎತ್ತಬಹುದಾದ ಕೋನ ಕುಗ್ಗಿ ದಿಬ್ಬದ ಮರೆಯಿಂದ ಹೊಡೆಯುವ ಅವಕಾಶ ಹೋಯಿತು. ಮಳೆಯಲ್ಲಿ ನೆನೆಯುವ ಆ ತೆರೆದ ಕಟ್ಟೆಯೇ ಒಳ್ಳೆಯ ಫಿರಂಗಿಯೆಂದು ಎರಡನ್ನೂ ಆಡಿ ನೋಡಿದ ನಾನು ಖಚಿತವಾಗಿ ಹೇಳುತ್ತೇನೆ. 1930ರ ದಶಕದ ಆರಂಭದಲ್ಲಿ ಇಡೀ ಯೋಜನೆಯನ್ನು ಕೈಬಿಟ್ಟದ್ದು ನನಗೆ ಇಂದಿಗೂ ಸಂಕಟದ ಸಂಗತಿ.

ಕಳೆದ ತಿಂಗಳ ಆಟದಲ್ಲಿ ಎದುರಿಗೆ ಕುಳಿತಿದ್ದವರು ಅದೇ ಶಿವಮೊಗ್ಗದ ಗೆಳೆಯರು. ಅವರ ಆರು ತೋಪುಗಳಲ್ಲಿ ನಾಲ್ಕರ ಬಾಯಿಯನ್ನು ಐದನೆಯ ಸರದಿಯೊಳಗೆ ಮುಚ್ಚಿಸಿದೆ. ನನ್ನದು ಒಂದು ಹೋಯಿತು. ಆಟ ಮುಗಿದ ಮೇಲೆ ಅವರು ಮುದ್ರಣದ ಕಡತ ಕೇಳಿದರು. ಚಾಸಿಯ ಕಡತವನ್ನು ಅಂದೇ ರಾತ್ರಿ ಕಳಿಸಿದೆ. ಆರು ಜನ ಸುತ್ತ ನಿಂತಿದ್ದರೂ ತೋಪು ಎಲ್ಲೂ ತಾಗದೆ ತಿರುಗುವಂತೆ ಮಾಡಿದ ಪೀಠದ ಕಡತ ಮಾತ್ರ ಸದ್ಯಕ್ಕೆ ನನ್ನಲ್ಲೇ ಇದೆ.