ಮನೆಮಂದಿಯ ಇಟಲಿ ಪ್ರವಾಸ: ಎಲ್ಲಿ ರೈಲು, ಎಲ್ಲಿ ಬಾಡಿಗೆ ಕಾರು?

ಇಟಲಿಗೆ ಹೊರಟ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಇದು. ರೈಲೋ, ಬಾಡಿಗೆ ಕಾರೋ? ಇಡೀ ಪ್ರವಾಸಕ್ಕೆ ಒಂದೇ ಉತ್ತರ ಹುಡುಕಿದರೆ ತಲೆ ಕೆಡುತ್ತದೆ. ಊರಿಂದ ಊರಿಗೆ ಬೇರೆ ಬೇರೆಯಾಗಿ ನಿರ್ಧರಿಸಿ.

ಹೆಜ್ಜೆ 1: ಊರುಗಳನ್ನು ಬರೆದು ಗುರುತು ಹಾಕಿ

ರೋಮ್, ಫ್ಲಾರೆನ್ಸ್, ವೆನಿಸ್, ಮಿಲಾನ್, ನೇಪಲ್ಸ್. ಇವುಗಳ ಮುಂದೆ ಕಣ್ಣು ಮುಚ್ಚಿ 'ರೈಲು' ಅಂತ ಬರೆಯಿರಿ. ಫ್ರೆಚ್ಚಾರೊಸ್ಸಾ, ಇಟಾಲೊ ಎಂಬ ವೇಗದ ರೈಲುಗಳು ಗಂಟೆಗೆ 300 ಕಿ.ಮೀ.ವರೆಗೆ ಓಡುತ್ತವೆ. ರೋಮ್‌ನಿಂದ ಫ್ಲಾರೆನ್ಸ್‌ಗೆ ಸುಮಾರು ಒಂದೂವರೆ ಗಂಟೆ. ಕಾರಿನಲ್ಲಿ ಅದರ ಎರಡರಷ್ಟು ಹೊತ್ತು ಬೇಕು. ವೆನಿಸ್‌ನಲ್ಲಂತೂ ಕಾರನ್ನು ಊರಂಚಿನಲ್ಲೇ ಬಿಡಬೇಕು. ಅದೇ ರೈಲಿನಲ್ಲಿ ಹೋದರೆ, ಸಾಂತಾ ಲುಚಿಯಾ ನಿಲ್ದಾಣದ ಬಾಗಿಲು ದಾಟಿದ ಕೂಡಲೇ ಎದುರಿಗೆ ಗ್ರ್ಯಾಂಡ್ ಕೆನಾಲ್. ಕಡಲಂಚಿನ ಚಿಂಕ್ವೆ ತೆರ್ರೆಯ ಐದು ಹಳ್ಳಿಗಳಿಗೂ ರೈಲೇ ಸರಿ.

'ಕಾರು' ಅಂತ ಬರೆಯಬೇಕಾದದ್ದು ಹಳ್ಳಿಗಾಡಿಗೆ. ಫ್ಲಾರೆನ್ಸ್ ಸುತ್ತಲಿನ ಟಸ್ಕನಿ ಪ್ರಾಂತ್ಯದ ಪಿಯೆಂಜಾ, ಮೊಂಟಾಲ್ಚಿನೊದಂಥ ಗುಡ್ಡದ ಊರುಗಳಿಗೆ ರೈಲು ಹತ್ತುವುದಿಲ್ಲ, ಬಸ್ಸೂ ಕಡಿಮೆ. ಸೈಪ್ರಸ್ ಮರಗಳ ಸಾಲು ಕಂಡಲ್ಲಿ ಗಾಡಿ ನಿಲ್ಲಿಸಿ ಮಕ್ಕಳನ್ನು ಇಳಿಸುವ ಸುಖ ಕಾರಿಗೆ ಮಾತ್ರ ಗೊತ್ತು.

ಹೆಜ್ಜೆ 2: ತಲೆ ಎಣಿಸಿ, ಪೆಟ್ಟಿಗೆಯನ್ನೂ ಎಣಿಸಿ

ಅಲ್ಲಿನ ಬಾಡಿಗೆ ಕಾರುಗಳು ಹೆಚ್ಚಾಗಿ ಚಿಕ್ಕವು. ನಾಲ್ಕು ಜನ, ನಾಲ್ಕು ದೊಡ್ಡ ಸೂಟ್‌ಕೇಸ್ ಅಂದರೆ ಡಿಕ್ಕಿ ಸಾಲುವುದಿಲ್ಲ. 150 ಸೆಂ.ಮೀ.ಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಚೈಲ್ಡ್ ಸೀಟ್ ಕಡ್ಡಾಯ, ಅದಕ್ಕೂ ಬಾಡಿಗೆ ಇದೆ. ಮಂಡಿನೋವಿನ ಅಪ್ಪ ಅಮ್ಮ ಜೊತೆಗಿದ್ದರೆ ಇನ್ನೊಂದು ಮಾತು. ರೋಮ್‌ನ ಟೆರ್ಮಿನಿ, ಫ್ಲಾರೆನ್ಸ್‌ನ ಸಾಂತಾ ಮರಿಯಾ ನೊವೆಲ್ಲಾ ನಿಲ್ದಾಣಗಳಲ್ಲಿ ಹಳಿಗಳು ಅಲ್ಲಿಗೇ ಮುಗಿಯುತ್ತವೆ. ಹಾಗಾಗಿ ಪ್ಲಾಟ್‌ಫಾರ್ಮ್ ಬದಲಿಸಲು ಮೇಲ್ಸೇತುವೆ ಹತ್ತಿ ಇಳಿಯುವ ಕಷ್ಟ ಇಲ್ಲ.

ಹೆಜ್ಜೆ 3: ಪೂರ್ತಿ ಲೆಕ್ಕ ಹಾಕಿ

ಕಾರಿನ ದಿನದ ಬಾಡಿಗೆ ನೋಡಿ ಮರುಳಾಗಬೇಡಿ. ಇನ್ಶೂರೆನ್ಸ್, ಪೆಟ್ರೋಲ್, ಟೋಲ್, ಪಾರ್ಕಿಂಗ್ ಸೇರಿಸಿ. ಒಂದು ಊರಲ್ಲಿ ತಗೊಂಡು ಇನ್ನೊಂದು ಊರಲ್ಲಿ ಬಿಟ್ಟರೆ ಅದಕ್ಕೆ ಬೇರೆ ಶುಲ್ಕ. ರೈಲಿನ ಕಡೆ, ವೇಗದ ರೈಲಿನ ಟಿಕೆಟ್ ಮುಂಚೆಯೇ ಕೊಂಡಷ್ಟೂ ಅಗ್ಗ. ಮಕ್ಕಳಿಗೆ ಆಫರ್‌ಗಳಿರುತ್ತವೆ, ಹುಡುಕಿ.

ಹೆಜ್ಜೆ 4: ಹೊರಡುವ ಮುಂಚೆ ಐಡಿಪಿ ಮಾಡಿಸಿ

ನಮ್ಮ ಡಿಎಲ್ ಒಂದೇ ಸಾಲದು. ನಿಮ್ಮ ಆರ್‌ಟಿಒದಲ್ಲಿ ಐಡಿಪಿ, ಅಂದರೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿ, ಎರಡನ್ನೂ ಒಯ್ಯಿರಿ. ಅದು ಒಂದು ವರ್ಷ ನಡೆಯುತ್ತದೆ. ಕಾರು ಬುಕ್ ಮಾಡುವವರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಇರಲಿ, ಠೇವಣಿಗೆ ಬೇಕಾಗುತ್ತದೆ. ಅಲ್ಲಿ ರಸ್ತೆಯ ಬಲಕ್ಕೆ ಓಡಿಸಬೇಕು, ಗೇರ್ ಬಲಗೈಗೆ ಬರುತ್ತದೆ. ಸ್ವಲ್ಪ ಜಾಸ್ತಿ ಕೊಟ್ಟಾದರೂ ಆಟೊಮ್ಯಾಟಿಕ್ ತಗೊಳ್ಳಿ ಎನ್ನುವುದು ನನ್ನ ಸಲಹೆ.

ಹೆಜ್ಜೆ 5: ಜೆಡ್‌ಟಿಎಲ್ ಅರ್ಥ ಮಾಡಿಕೊಳ್ಳಿ

ಇದನ್ನು ದಯವಿಟ್ಟು ಎರಡು ಸಲ ಓದಿ. ಇಟಲಿಯ ಬಹಳಷ್ಟು ಹಳೆಯ ಊರುಗಳ ನಡುಭಾಗಕ್ಕೆ ಹೊರಗಿನವರ ಕಾರು ಹೋಗುವಂತಿಲ್ಲ. ಅದೇ ಜೆಡ್‌ಟಿಎಲ್ (ZTL), ಅಂದರೆ ಸಂಚಾರ ನಿರ್ಬಂಧಿತ ವಲಯ. ಗೇಟು ಇರುವುದಿಲ್ಲ, ಪೊಲೀಸರೂ ಇರುವುದಿಲ್ಲ. ಬಿಳಿ ಬೋರ್ಡಿನ ಮೇಲೆ ಕೆಂಪು ಬಳೆ, ಮೇಲೊಂದು ಕ್ಯಾಮೆರಾ, ಅಷ್ಟೇ. ನಂಬರ್ ಪ್ಲೇಟಿನ ಫೋಟೊ ಬೀಳುತ್ತದೆ. ಫಲಕದಲ್ಲಿ 'ವಾರ್ಕೊ ಅಟ್ಟಿವೊ' ಅಂತ ಇದ್ದರೆ ದಾರಿ ತೆರೆದಿದೆ ಎಂದು ತಿಳಿಯಬೇಡಿ. ನಿರ್ಬಂಧ ಈಗ ಜಾರಿಯಲ್ಲಿದೆ ಎಂದು ಅದರ ಅರ್ಥ. 'ನಾನ್ ಅಟ್ಟಿವೊ' ಇದ್ದರೆ ಹೋಗಬಹುದು.

ನಾವು ಹೋದಾಗ ಫೋನಿನ ಮ್ಯಾಪ್ ನಂಬಿ ಒಂದು ಊರಿನ ಒಳಗೆ ತಿರುಗಿಬಿಟ್ಟೆವು. ಮನೆಗೆ ಬಂದು ತಿಂಗಳುಗಳಾದ ಮೇಲೆ ದಂಡದ ಕಾಗದ ಬಂತು. ಅದಕ್ಕೂ ಮುಂಚೆಯೇ ಬಾಡಿಗೆ ಕಂಪನಿ ನಮ್ಮ ವಿವರ ಕೊಟ್ಟಿದ್ದಕ್ಕೆ ಕಾರ್ಡಿನಿಂದ ಶುಲ್ಕ ಕಡಿದುಕೊಂಡಿತ್ತು. ಅಮ್ಮನಿಗೆ ಆ ಸಂಜೆ ಕೊಡಿಸಿದ ಐಸ್‌ಕ್ರೀಮ್ ನೆನಪಿಗಿಂತ ಈ ಕಾಗದದ ನೆನಪೇ ಮೇಲೆ ಬರುತ್ತದೆ, ಅದೇ ಬೇಸರ. ಹೋಟೆಲ್ ಆ ವಲಯದೊಳಗಿದ್ದರೆ ಕಾರಿನ ನಂಬರ್ ನೋಂದಾಯಿಸುತ್ತೀರಾ ಅಂತ ಮೊದಲೇ ಬರೆದು ಕೇಳಿ. ಇಲ್ಲವಾದರೆ ಊರ ಗೋಡೆಯ ಹೊರಗೆ ನಿಲ್ಲಿಸಿ. ನೀಲಿ ಗೆರೆ ಅಂದರೆ ದುಡ್ಡು ಕೊಟ್ಟು ನಿಲ್ಲಿಸುವ ಜಾಗ, ಬಿಳಿ ಸಾಮಾನ್ಯವಾಗಿ ಬಿಟ್ಟಿ, ಹಳದಿ ನಮ್ಮದಲ್ಲ.

ಹೆಜ್ಜೆ 6: ಕಾರನ್ನು ನಗರದ ಹೊರಗೆ ತಗೊಳ್ಳಿ

ಉದಾಹರಣೆಗೆ, ರೋಮ್‌ನಿಂದ ಫ್ಲಾರೆನ್ಸ್‌ಗೆ ರೈಲು. ಅಲ್ಲಿ ಮೂರು ದಿನ ನಡೆದೇ ಸುತ್ತಿ. ಆಮೇಲೆ ಟಿ2 ಟ್ರಾಮ್ ಹತ್ತಿ ವಿಮಾನ ನಿಲ್ದಾಣದ ಕಡೆ ಹೋಗಿ ಕಾರು ತಗೊಳ್ಳಿ. ನಡುಊರಿನ ಕ್ಯಾಮೆರಾಗಳ ಗೊಡವೆಯೇ ಇಲ್ಲ. ಟಸ್ಕನಿ ಮುಗಿಸಿ ಅಲ್ಲೇ ವಾಪಸ್ ಕೊಟ್ಟು, ವೆನಿಸ್‌ಗೆ ಮತ್ತೆ ರೈಲು. ಎರಡು ಗಂಟೆಗಿಂತ ಸ್ವಲ್ಪ ಜಾಸ್ತಿ ದಾರಿ. ಚಿಕ್ಕ ಊರಿನ ಬಾಡಿಗೆ ಕಚೇರಿಗಳು ಮಧ್ಯಾಹ್ನ, ಭಾನುವಾರ ಮುಚ್ಚಿರಬಹುದು, ಸಮಯ ನೋಡಿಕೊಳ್ಳಿ. ಹೆದ್ದಾರಿಯ ಟೋಲ್‌ನಲ್ಲಿ ಹಳದಿ ಟೆಲೆಪಾಸ್ ಸಾಲಿಗೆ ನುಗ್ಗಬೇಡಿ, ಅದು ನಮ್ಮ ಫಾಸ್ಟ್ಯಾಗ್ ಥರ.

ಹೆಜ್ಜೆ 7: ರೈಲು ಹತ್ತುವ ಮುನ್ನ

ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ಟಿಗೆ ನಿಲ್ದಾಣದ ಯಂತ್ರದಲ್ಲಿ ಮುದ್ರೆ ಒತ್ತಿಸಲೇಬೇಕು. ಮೊಬೈಲ್ ಟಿಕೆಟ್ಟಾದರೆ ಚೆಕ್-ಇನ್ ಮಾಡಬೇಕು. ಮರೆತರೆ ದಂಡ. 'ಶೋಪೆರೊ' ಎಂಬ ಪದ ಕಂಡರೆ ಅದು ಮುಷ್ಕರ. ಅಂಥ ದಿನವೂ ವಾರದ ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರ ನಡುವೆ ಕೆಲವು ಪ್ರಾದೇಶಿಕ ರೈಲುಗಳು ಓಡಲೇಬೇಕೆಂಬ ನಿಯಮವಿದೆ. ಆ ಹೊತ್ತಿಗೆ ನಿಲ್ದಾಣದಲ್ಲಿರಿ.