ಟ್ಯಾಲಿಯೊಳಗಿನ ಲೆಕ್ಕ ಹೊರತೆಗೆಯುವುದು ಹೇಗೆ?

ಕಳೆದ ಮಾರ್ಚ್‌ನಲ್ಲಿ ಒಂದು ಸಂಜೆ ನನಗೆ ಪರಿಚಯದ ಅಡಿಕೆ ಮಂಡಿಯ ಯಜಮಾನರು ಪೆನ್‌ಡ್ರೈವ್ ಹಿಡಿದುಕೊಂಡು ಬಂದರು. ‘ಲೆಕ್ಕ ಬರೆಯುತ್ತಿದ್ದ ಹುಡುಗ ಕೆಲಸ ಬಿಟ್ಟ. ಹೋಗುವಾಗ ಎಲ್ಲಾ ಇದರಲ್ಲಿ ಹಾಕಿದ್ದೇನೆ ಅಂದ. ಸ್ವಲ್ಪ ನೋಡಿ ಮಾರಾಯ್ರೇ’ ಅಂದರು. ತೆರೆದು ನೋಡಿದರೆ ಒಂದೇ ಒಂದು ಎಕ್ಸೆಲ್ ಕಡತ, ಹೆಸರು ಡೇ ಬುಕ್. ಒಳಗೆ ಹನ್ನೊಂದು ಸಾಲು. ಇಡೀ ವರ್ಷದ ವಹಿವಾಟು ಇರಬೇಕಾದ ಜಾಗದಲ್ಲಿ ಒಂದು ದಿನದ್ದಿತ್ತು.

ಹುಡುಗ ಮೋಸ ಮಾಡಿರಲಿಲ್ಲ. ಡೇ ಬುಕ್ ಅಂದರೆ ದಿನದಿನದ ವಹಿವಾಟಿನ ಪಟ್ಟಿ. ಅದನ್ನು ತೆರೆದಾಗ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶ ತೋರಿಸುವುದು ಒಂದು ದಿನದ್ದನ್ನು ಮಾತ್ರ. ಅವಧಿ ಬದಲಿಸದೆ ಎಕ್ಸ್‌ಪೋರ್ಟ್ ಒತ್ತಿದರೆ ಪರದೆಯ ಮೇಲೆ ಏನಿದೆಯೋ ಅಷ್ಟೇ ಹೊರಬರುತ್ತದೆ. ಇದೊಂದನ್ನು ತಿಳಿದುಕೊಂಡರೆ ಈ ಕೆಲಸದ ಅರ್ಧ ತಿಳಿದ ಹಾಗೆ.

ನಮ್ಮ ರಾಜ್ಯದ ಅಂಗಡಿ, ಮಂಡಿ, ಅಕ್ಕಿ ಗಿರಣಿ, ಮೆಡಿಕಲ್ ಶಾಪ್, ಎಲ್ಲಿ ಹೋದರೂ ಗಲ್ಲಾಪೆಟ್ಟಿಗೆ ಪಕ್ಕದ ಕಂಪ್ಯೂಟರಿನಲ್ಲಿ ಟ್ಯಾಲಿ ಇರುತ್ತದೆ. 1986ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಂಪನಿಯ ತಂತ್ರಾಂಶ ಅದು. 2009ರಲ್ಲಿ ಬಂದ ಟ್ಯಾಲಿ ಇಆರ್‌ಪಿ 9 ಬಹಳ ಕಾಲ ನಡೆಯಿತು, 2020ರ ಕೊನೆಗೆ ಟ್ಯಾಲಿ ಪ್ರೈಮ್ ಬಂತು. ಕೆಳಗೆ ಹೇಳಿರುವ ಕೀಲಿಗಳೆಲ್ಲ ಟ್ಯಾಲಿ ಪ್ರೈಮ್‌ನವು. ಲೆಕ್ಕ ಒಳಗೆ ಹಾಕುವುದನ್ನು ಕಲಿಸುವ ಕೋಚಿಂಗ್ ಸೆಂಟರುಗಳು ಊರೂರಲ್ಲಿವೆ. ಹೊರತೆಗೆಯುವುದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಅದರ ಅಗತ್ಯ ಬೀಳುವುದು ಆಡಿಟರ್ ಬದಲಾದಾಗ, ಕಂಪ್ಯೂಟರ್ ಕೆಟ್ಟಾಗ, ಬೇರೆ ಸಾಫ್ಟ್‌ವೇರ್‌ಗೆ ಹೋಗಬೇಕೆಂದಾಗ. ಆಗ ಕಲಿಯುವಷ್ಟು ಸಮಾಧಾನ ಯಾರಿಗಿರುತ್ತದೆ?

ಮೊದಲ ಕೆಲಸ: ಬ್ಯಾಕಪ್

ಏನೇ ಹೊರತೆಗೆಯುವ ಮುನ್ನ ಬ್ಯಾಕಪ್ ತೆಗೆದಿಡಿ. ಆಲ್ಟ್ ಮತ್ತು ವೈ ಒಟ್ಟಿಗೆ ಒತ್ತಿ, ಬ್ಯಾಕಪ್ ಆರಿಸಿ, ಎಲ್ಲಿಗೆ ಎಂದು ಜಾಗ ತೋರಿಸಿ, ಯಾವ ಕಂಪನಿ ಎಂದು ಹೇಳಿ (ಒಂದೊಂದು ಅಂಗಡಿಯ ಲೆಕ್ಕವನ್ನು ಟ್ಯಾಲಿ ಕಂಪನಿ ಎಂದು ಕರೆಯುತ್ತದೆ). ಜಾಗ ತೋರಿಸುವಾಗ ಅದೇ ಕಂಪ್ಯೂಟರಿನ ಸಿ ಡ್ರೈವ್ ಬೇಡ, ಡಿಸ್ಕ್ ಹೋದರೆ ಬ್ಯಾಕಪ್ ಕೂಡ ಅದರ ಜೊತೆಗೇ ಹೋಗುತ್ತದೆ. ಪೆನ್‌ಡ್ರೈವ್ ಅಥವಾ ಹೊರಗಿನ ಹಾರ್ಡ್‌ಡಿಸ್ಕ್ ಇರಲಿ.

ಬ್ಯಾಕಪ್ ಕಡತವನ್ನು ಟ್ಯಾಲಿಯೊಂದೇ ಓದಬಲ್ಲದು. ಎಕ್ಸೆಲ್‌ನಲ್ಲಿ ತೆರೆಯಲು ಹೋದರೆ ಏನೂ ಕಾಣುವುದಿಲ್ಲ. ‘ಬ್ಯಾಕಪ್ ಕೊಟ್ಟಿದ್ದೇವಲ್ಲ’ ಎಂದು ಆಡಿಟರ್‌ಗೆ ಕಳಿಸಿ ಸುಮ್ಮನಾಗುವವರಿದ್ದಾರೆ. ಆಡಿಟರ್ ಬಳಿ ಟ್ಯಾಲಿ ಇದ್ದರೆ ಅದು ಸಾಕು, ನಿಜ ಹೇಳಬೇಕೆಂದರೆ ಅದೇ ಉತ್ತಮ. ಇಲ್ಲದಿದ್ದರೆ ಆ ಕಡತದಿಂದ ಅವರಿಗೆ ಪ್ರಯೋಜನವಿಲ್ಲ.

ಯಾರಿಗೆ ಕೊಡಬೇಕು?

ಯಾವ ರೂಪದಲ್ಲಿ ತೆಗೆಯಬೇಕು ಎಂಬುದು ಯಾರಿಗೆ ಕೊಡುತ್ತೀರಿ ಎಂಬುದರ ಮೇಲೆ ನಿಂತಿದೆ. ಬ್ಯಾಂಕಿನವರು ಸಾಲಕ್ಕೆ ಅಢಾವೆ ಪತ್ರಿಕೆ (ಬ್ಯಾಲೆನ್ಸ್ ಶೀಟ್) ಕೇಳಿದರೆ ಪಿಡಿಎಫ್ ಕೊಡಿ, ಅದನ್ನು ಯಾರೂ ಸುಲಭಕ್ಕೆ ತಿದ್ದಲಾಗದು. ಲೆಕ್ಕ ಕೂಡಿ ಕಳೆದು ನೋಡುವವರಿಗೆ ಎಕ್ಸೆಲ್. ಜಿಎಸ್‌ಟಿ ಪೋರ್ಟಲ್‌ಗೆ ಹಾಕಲು ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1 ವರದಿಯನ್ನು, ಪೋರ್ಟಲ್ ಓದಬಲ್ಲ ಜೇಸನ್ ಎಂಬ ಬಗೆಯ ಕಡತವಾಗಿ ತೆಗೆಯುವ ದಾರಿ ಟ್ಯಾಲಿಯಲ್ಲೇ ಇದೆ. ಇನ್ನೊಂದು ಟ್ಯಾಲಿಗೋ ಬೇರೆ ತಂತ್ರಾಂಶಕ್ಕೋ ಲೆಕ್ಕವನ್ನು ಸಾಗಿಸಬೇಕಾದರೆ ತಂತ್ರಾಂಶಗಳು ಓದಿಕೊಳ್ಳುವ ಎಕ್ಸ್‌ಎಂಎಲ್ ಎಂಬ ಬಗೆಯ ಕಡತ ಬೇಕು.

ಎಕ್ಸೆಲ್‌ಗೆ ತೆಗೆಯುವುದು

ಮೊದಲು ವರದಿ ತೆರೆಯಿರಿ: ಡೇ ಬುಕ್, ಸೇಲ್ಸ್ ರಿಜಿಸ್ಟರ್, ಒಂದು ಖಾತೆಯ ಲೆಡ್ಜರ್, ಎಲ್ಲ ಖಾತೆಗಳ ಬಾಕಿ ತೋರಿಸುವ ಟ್ರಯಲ್ ಬ್ಯಾಲೆನ್ಸ್, ಯಾವುದು ಬೇಕೋ ಅದು. ಆಮೇಲೆ ಆಲ್ಟ್ ಮತ್ತು ಎಫ್2 ಒತ್ತಿ ಅವಧಿ ಕೊಡಿ, 1-4ರಿಂದ 31-3ರವರೆಗೆ. ಪರದೆಯ ಮೇಲ್ಗಡೆ ಅವಧಿ ಬದಲಾಗಿದೆಯೇ ಎಂದು ಕಣ್ಣಾರೆ ನೋಡಿ. ಮಂಡಿಯ ಹುಡುಗ ಬಿಟ್ಟಿದ್ದು ಇದೇ ಹೆಜ್ಜೆಯನ್ನು.

ಆಮೇಲೆ ವಿವರ ಎಷ್ಟು ಬೇಕು ಎಂದು ತೀರ್ಮಾನಿಸಿ. ಟ್ರಯಲ್ ಬ್ಯಾಲೆನ್ಸ್ ತೆರೆದ ತಕ್ಷಣ ಕಾಣುವುದು ಗುಂಪುಗಳ ಮೊತ್ತ ಮಾತ್ರ. ಹಣ ಬರಬೇಕಾದವರೆಲ್ಲ ‘ಕರೆಂಟ್ ಅಸೆಟ್ಸ್’ ಎಂಬ ಒಂದೇ ಸಾಲಿನಲ್ಲಿ ಸೇರಿರುತ್ತಾರೆ, ಒಳಗಿನ ಇನ್ನೂರು ರೈತರ ಹೆಸರು ಕಾಣುವುದಿಲ್ಲ. ಆಲ್ಟ್ ಮತ್ತು ಎಫ್5 ಒತ್ತಿದರೆ ವಿವರ ಬಿಚ್ಚಿಕೊಳ್ಳುತ್ತದೆ, ಬೇಕಾದ ಹೆಸರುಗಳು ಕಂಡವೇ ಎಂದು ನೋಡಿಕೊಳ್ಳಿ. ಸೇಲ್ಸ್ ರಿಜಿಸ್ಟರ್‌ನಲ್ಲಾದರೆ ಬಲಗಡೆಯ ಪಟ್ಟಿಯಲ್ಲಿ ಕಾಲಮ್ನರ್ ಎಂಬ ಆಯ್ಕೆ ಇದೆ. ಅದನ್ನು ಹಾಕಿಕೊಂಡರೆ ಜಿಎಸ್‌ಟಿ ಸಂಖ್ಯೆ, ತೆರಿಗೆ, ಬಿಲ್ ಮೊತ್ತ ಎಲ್ಲ ಬೇರೆ ಬೇರೆ ಕಾಲಂನಲ್ಲಿ ಬರುತ್ತವೆ. ಮತ್ತೆ ಹೇಳುತ್ತೇನೆ, ಪರದೆಯ ಮೇಲೆ ಕಂಡದ್ದು ಮಾತ್ರ ಹೊರಗೆ ಬರುತ್ತದೆ.

ಈಗ ಕಂಟ್ರೋಲ್ ಮತ್ತು ಇ. ಬರುವ ಪೆಟ್ಟಿಗೆಯಲ್ಲಿ ಕಾನ್ಫಿಗರ್‌ಗೆ ಹೋಗಿ ಕಡತದ ಬಗೆ ಎಕ್ಸೆಲ್ ಎಂದು ಆರಿಸಿ, ಫೋಲ್ಡರ್ ತೋರಿಸಿ, ಹೆಸರು ಕೊಡಿ. ಹೆಸರಿನಲ್ಲಿ ಅಂಗಡಿ, ವರದಿ, ವರ್ಷ ಮೂರೂ ಇರಲಿ. ಟ್ಯಾಲಿ ತಾನೇ ಕೊಡುವ ‘ಡೇ ಬುಕ್’ ಎಂಬ ಹೆಸರನ್ನೇ ಬಿಟ್ಟರೆ ಮುಂದಿನ ಸಲ ತೆಗೆದದ್ದು ಹಿಂದಿನದರ ಮೇಲೆಯೇ ಕೂರಬಹುದು.

ಎಕ್ಸೆಲ್ ತೆರೆದ ಮೇಲೆ ಕಾಡುವ ಒಂದು ತೊಡಕನ್ನು ವಿವರವಾಗಿ ಹೇಳಬೇಕು, ಏಕೆಂದರೆ ಬಹಳ ಮಂದಿ ಇಲ್ಲಿ ಮುಗ್ಗರಿಸುತ್ತಾರೆ. ಬಾಕಿ ಮೊತ್ತ ಒಂದೇ ಕಾಲಂನಲ್ಲಿ ಬಂದಿದ್ದರೆ ಪಕ್ಕದಲ್ಲಿ ಡಿಆರ್ (ಡೆಬಿಟ್), ಸಿಆರ್ (ಕ್ರೆಡಿಟ್) ಎಂದು ಕಾಣುತ್ತದೆ. ಆ ಅಕ್ಷರಗಳು ನಿಜಕ್ಕೂ ಕೋಶದ ಒಳಗಿಲ್ಲ, ಅಂಕಿಯನ್ನು ತೋರಿಸುವ ಅಲಂಕಾರವಾಗಿ ಬಂದಿರುತ್ತವೆ. ಒಳಗಿರುವುದು ಬರೀ ಅಂಕಿ, ಅದೂ ಎರಡು ಕಡೆಗೂ ಕೂಡುವ ಅಂಕಿಯೇ. ಒಬ್ಬರಿಂದ 50,000 ರೂಪಾಯಿ ಬರಬೇಕು, ಇನ್ನೊಬ್ಬರಿಗೆ 20,000 ಕೊಡಬೇಕು ಎಂದಿಟ್ಟುಕೊಳ್ಳಿ. ಎಕ್ಸೆಲ್‌ನಲ್ಲಿ ಸಮ್ ಹಾಕಿದರೆ 30,000 ಬರುವುದಿಲ್ಲ, 70,000 ಬರುತ್ತದೆ. ಆ ಕೋಶಗಳನ್ನು ಬೇರೆ ಹಾಳೆಗೆ ಬರೀ ಮೌಲ್ಯವಾಗಿ ನಕಲು ಮಾಡಿದರಂತೂ ಡಿಆರ್, ಸಿಆರ್ ಮಾಯವಾಗಿ, ಬರಬೇಕಾದ್ದು ಯಾವುದು ಕೊಡಬೇಕಾದ್ದು ಯಾವುದು ಎಂದೇ ತಿಳಿಯದು. ಆದ್ದರಿಂದ ಡೆಬಿಟ್ ಒಂದು ಕಾಲಂ, ಕ್ರೆಡಿಟ್ ಒಂದು ಕಾಲಂ ಇರುವ ವರದಿಯನ್ನೇ ಹೊರತೆಗೆಯಿರಿ. ಟ್ರಯಲ್ ಬ್ಯಾಲೆನ್ಸ್, ಲೆಡ್ಜರ್ ಎರಡರಲ್ಲೂ ಆ ಅನುಕೂಲ ಇದೆ.

ಆಸ್ಕಿ ಎಂಬ ಇನ್ನೊಂದು ಬಗೆಯೂ ಪಟ್ಟಿಯಲ್ಲಿ ಕಾಣುತ್ತದೆ, ಅಲ್ಪವಿರಾಮದಿಂದ ಬೇರೆ ಮಾಡಿದ ಸಾಲುಗಳು. ಬೇರೆ ತಂತ್ರಾಂಶದವರು ಅದನ್ನೇ ಕೇಳಿದರೆ ಮಾತ್ರ ಕೊಡಿ. ಆ ಕಡತವನ್ನು ಎರಡು ಸಲ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದರೆ ಮುಂದಿನ ಸೊನ್ನೆಗಳು ಬಿದ್ದುಹೋಗುತ್ತವೆ. ಕಾಫಿಯ ಎಚ್‌ಎಸ್‌ಎನ್ (ಜಿಎಸ್‌ಟಿಯಲ್ಲಿ ಸರಕು ಗುರುತಿಸುವ ಸಂಖ್ಯೆ) 0901 ಇದ್ದದ್ದು 901 ಆಗುತ್ತದೆ, ಅಡಿಕೆಯ 0802 ಇದ್ದದ್ದು 802 ಆಗುತ್ತದೆ. ಹದಿನಾರು ಅಂಕಿಯ ಬ್ಯಾಂಕ್ ಖಾತೆ ಸಂಖ್ಯೆ ಇದ್ದರೆ ಕೊನೆಯ ಅಂಕಿ ಸೊನ್ನೆಯಾಗಿ ಬಿಡುತ್ತದೆ, ಏಕೆಂದರೆ ಎಕ್ಸೆಲ್ ಹದಿನೈದು ಅಂಕಿಗಿಂತ ಹೆಚ್ಚು ಹಿಡಿದಿಡುವುದಿಲ್ಲ. ಎಕ್ಸೆಲ್‌ನ ಡೇಟಾ ಮೆನುವಿನಿಂದ ಕಡತವನ್ನು ಒಳಗೆ ತಂದು, ಆ ಕಾಲಂಗಳನ್ನು ಟೆಕ್ಸ್ಟ್ ಎಂದು ಗುರುತಿಸುವುದೇ ಇದಕ್ಕೆ ಮದ್ದು. ಖಾತೆಗಳ ಹೆಸರನ್ನು ಕನ್ನಡದಲ್ಲಿ ಬರೆದಿಟ್ಟವರು ಆಸ್ಕಿಯ ಗೊಡವೆಗೇ ಹೋಗದಿರುವುದು ಒಳ್ಳೆಯದು. ನಮ್ಮ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕೂತದ್ದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಇಡೀ ಲೆಕ್ಕ ಸಾಗಿಸುವುದು

ವರದಿ ಸಾಲದು, ಇಡೀ ಲೆಕ್ಕವೇ ಇನ್ನೊಂದು ಕಡೆ ಹೋಗಬೇಕು ಎಂದಾದರೆ ಎರಡು ಕಂತಿನಲ್ಲಿ ತೆಗೆಯಬೇಕು. ಆಲ್ಟ್ ಮತ್ತು ಇ ಒತ್ತಿದಾಗ ಬರುವ ಪಟ್ಟಿಯಲ್ಲಿ ಮಾಸ್ಟರ್ಸ್, ಟ್ರಾನ್ಸಾಕ್ಷನ್ಸ್ ಎಂದು ಎರಡಿವೆ. ಮಾಸ್ಟರ್ಸ್ ಅಂದರೆ ಖಾತೆಗಳು, ಗುಂಪುಗಳು, ಸರಕಿನ ಹೆಸರುಗಳು. ಟ್ರಾನ್ಸಾಕ್ಷನ್ಸ್ ಅಂದರೆ ದಿನದಿನದ ವೋಚರುಗಳು, ಒಂದೊಂದು ವಹಿವಾಟಿನ ನಮೂದು. ಹಳೆಯ ಕಾಲದ ಮಾತಲ್ಲಿ ಮೊದಲನೆಯದು ಖಾತೆ ಪುಸ್ತಕದ ತಲೆಬರಹ, ಎರಡನೆಯದು ಕಿರ್ದಿ. ಎರಡನ್ನೂ ಎಕ್ಸ್‌ಎಂಎಲ್ ಆಗಿ ತೆಗೆಯಿರಿ, ಎರಡನೆಯದಕ್ಕೆ ಇಲ್ಲೂ ಅವಧಿ ಕೊಡುವುದನ್ನು ಮರೆಯಬೇಡಿ.

ಹೊಸ ಕಡೆಯಲ್ಲಿ ಆಲ್ಟ್ ಮತ್ತು ಓ ಒತ್ತಿ ಒಳಗೆ ತರುವಾಗ ಮೊದಲು ಮಾಸ್ಟರ್ಸ್, ಆಮೇಲೆ ವೋಚರ್. ಖಾತೆಯೇ ಇಲ್ಲದಿದ್ದರೆ ವೋಚರ್ ಎಲ್ಲಿಗೆ ಹೋಗಿ ಕೂರಬೇಕು? ಹೊಸ ಕಂಪನಿಯ ಪುಸ್ತಕ ಶುರುವಾಗುವ ದಿನಾಂಕ ಹಳೆಯ ಮೊದಲ ವೋಚರಿನ ದಿನವೇ ಆಗಿರಬೇಕು, ಇಲ್ಲವೇ ಅದಕ್ಕಿಂತ ಮುಂಚೆ ಇರಬೇಕು. ಬಿಲ್‌ವಾರು ಲೆಕ್ಕ, ದಾಸ್ತಾನು ಮುಂತಾದ ಸೌಲಭ್ಯಗಳು ಹಳೆಯದರಲ್ಲಿ ಹೇಗಿದ್ದವೋ ಹಾಗೇ ಹೊಸದರಲ್ಲೂ ಚಾಲೂ ಇರಬೇಕು. ಈಗಾಗಲೇ ಇರುವ ಖಾತೆ ಮತ್ತೆ ಬಂದರೆ ಏನು ಮಾಡಲಿ ಎಂದು ಟ್ಯಾಲಿ ಕೇಳುತ್ತದೆ. ಆರಂಭ ಶಿಲ್ಕನ್ನು ಕೂಡಿಸು ಎಂಬ ಆಯ್ಕೆಯನ್ನು ಯೋಚಿಸದೆ ಒತ್ತಬೇಡಿ. ಒಂದೇ ಕಡತವನ್ನು ಎರಡು ಸಲ ತಂದರೆ ಶಿಲ್ಕು ಎರಡರಷ್ಟಾಗುತ್ತದೆ.

ಎಕ್ಸ್‌ಎಂಎಲ್ ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ಒಮ್ಮೆ ತೆರೆದು ನೋಡಲು ಹೇಳುತ್ತೇನೆ, ಹೆದರುವಂಥದ್ದೇನಿಲ್ಲ. ದಿನಾಂಕ 20250401 ಎಂದು ಒಂದೇ ಉಸಿರಿನಲ್ಲಿ ಇರುತ್ತದೆ: ವರ್ಷ, ತಿಂಗಳು, ದಿನ. ಒಬ್ಬರಿಂದ 10,000 ನಗದು ಬಂದ ವೋಚರ್ ಆದರೆ ನಗದು ಖಾತೆಯ ಎದುರು ಕಳೆಯುವ ಚಿಹ್ನೆಯ ಜೊತೆ 10000.00, ಅವರ ಖಾತೆಯ ಎದುರು ಬರೀ 10000.00. ಡೆಬಿಟ್ಟಿಗೆ ಕಳೆಯುವ ಚಿಹ್ನೆ ಎಂಬುದು ಮೊದಲಿಗೆ ಉಲ್ಟಾ ಅನಿಸುತ್ತದೆ. ಆದರೆ ಒಂದು ವೋಚರಿನ ಖಾತೆ ಸಾಲುಗಳನ್ನೆಲ್ಲ ಕೂಡಿದರೆ ಸೊನ್ನೆ ಬರಬೇಕು ಎಂಬ ಲೆಕ್ಕ ಇದರಿಂದಲೇ ಸುಲಭ. ಬೇರೆ ತಂತ್ರಾಂಶಕ್ಕೆ ಹಾಕಿಕೊಡುವವರಿಗೆ ಈ ಒಂದು ವಿಷಯ ಮೊದಲೇ ಹೇಳಿಬಿಡಿ.

ಪ್ರತಿ ವಾರ ಅದೇ ವರದಿ ಬೇಕು ಎನ್ನುವವರಿಗೆ ಒಡಿಬಿಸಿ ಎಂಬ ದಾರಿಯಿದೆ. ಟ್ಯಾಲಿಯ ಸೆಟ್ಟಿಂಗ್ಸ್‌ನಲ್ಲಿ ಕನೆಕ್ಟಿವಿಟಿಗೆ ಹೋಗಿ ಒಡಿಬಿಸಿ ಚಾಲೂ ಮಾಡಿದರೆ 9000 ಎಂಬ ಪೋರ್ಟಿನಲ್ಲಿ ಟ್ಯಾಲಿ ಮಾತಾಡಲು ಸಿದ್ಧವಾಗುತ್ತದೆ, ಎಕ್ಸೆಲ್ ನೇರವಾಗಿ ಖಾತೆಗಳ ಪಟ್ಟಿಯನ್ನು ಎಳೆದುಕೊಳ್ಳುತ್ತದೆ. ಟ್ಯಾಲಿಯೂ ಕಂಪನಿಯೂ ಆ ಹೊತ್ತಿನಲ್ಲಿ ತೆರೆದಿರಬೇಕು, ಅಷ್ಟೇ.

ತಾಳೆ ನೋಡದೆ ಏಳಬೇಡಿ

ಹೊರತೆಗೆದ ಮೇಲೆ ಮೂರು ಕಡೆ ತಾಳೆ ನೋಡಿ. ಟ್ರಯಲ್ ಬ್ಯಾಲೆನ್ಸ್‌ನ ಎರಡೂ ಕಡೆಯ ಮೊತ್ತ ಟ್ಯಾಲಿಯಲ್ಲೂ ಹೊರಗಿನ ಕಡತದಲ್ಲೂ ಒಂದೇ ಇರಬೇಕು. ವೋಚರುಗಳ ಎಣಿಕೆ ಒಂದೇ ಇರಬೇಕು. ಕೊನೆಗೆ ಒಂದು ದೊಡ್ಡ ಖಾತೆ ಹಿಡಿದು ವರ್ಷದ ನಡುವಿನ ಒಂದು ದಿನದ ಬಾಕಿಯನ್ನು ಎರಡೂ ಕಡೆ ನೋಡಿ. ನಾನು ಯಾವಾಗಲೂ ಬ್ಯಾಂಕ್ ಖಾತೆ ಹಿಡಿಯುತ್ತೇನೆ, ಪಾಸ್‌ಬುಕ್ ಎಂಬ ಮೂರನೇ ಸಾಕ್ಷಿ ಸಿಗುತ್ತದೆ. ಐದು ರೂಪಾಯಿ ವ್ಯತ್ಯಾಸ ಬಂದರೂ ಬಿಡಬೇಡಿ. ಸಣ್ಣ ವ್ಯತ್ಯಾಸದ ಹಿಂದೆ ಎರಡು ದೊಡ್ಡ ತಪ್ಪು ಒಂದನ್ನೊಂದು ಮುಚ್ಚಿಕೊಂಡು ಕೂತಿರಬಹುದು.

ತೆಗೆದ ಎಕ್ಸೆಲ್ ಕಡತವನ್ನು ವಾಟ್ಸ್ಆ್ಯಪ್‌ನಲ್ಲಿ ತೆರೆದಂತೆಯೇ ಕಳಿಸಬೇಡಿ. ಅದರಲ್ಲಿ ನಿಮ್ಮ ಗಿರಾಕಿಗಳ ಪಾನ್ ಇದೆ, ಖಾತೆ ಸಂಖ್ಯೆ ಇದೆ. ಎಕ್ಸೆಲ್‌ನ ಫೈಲ್ ಮೆನುವಿನಲ್ಲಿ ಇನ್ಫೋ, ಅದರಲ್ಲಿ ಪಾಸ್‌ವರ್ಡ್ ಹಾಕುವ ಆಯ್ಕೆ ಇದೆ. ಪಾಸ್‌ವರ್ಡನ್ನು ಫೋನಿನಲ್ಲಿ ಬಾಯಿಮಾತಲ್ಲಿ ಹೇಳಿ.

ಎಷ್ಟು ವರ್ಷ ಇಡಬೇಕು?

ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಲೆಕ್ಕ ಇಟ್ಟುಕೊಳ್ಳಬೇಕು. ಕಂಪನಿಯಾಗಿ ನೋಂದಣಿ ಆಗಿದ್ದರೆ 2013ರ ಕಂಪನಿ ಕಾಯ್ದೆ 8 ಹಣಕಾಸು ವರ್ಷ ಎನ್ನುತ್ತದೆ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದಲ್ಲಿ ಯಾರು ಯಾವಾಗ ಏನು ತಿದ್ದಿದರು ಎಂಬ ದಾಖಲೆಯೂ ಇರಬೇಕು. ಆ ದಾಖಲೆ ಇರುವುದು ಮೂಲ ಡೇಟಾದಲ್ಲಿ. ಎಕ್ಸೆಲ್ ಇದೆ ಎಂದು ಮೂಲವನ್ನು ಅಳಿಸಬಾರದು ಎನ್ನುವುದು ಇದಕ್ಕೇ. ಹೊಸ ಆವೃತ್ತಿಗೆ ಬದಲಾಗುವಾಗಲೂ ಮೊದಲು ಟ್ಯಾಲಿ ಡೇಟಾ ಇರುವ ಹಳೆಯ ಫೋಲ್ಡರಿನ ಒಂದು ನಕಲು ತೆಗೆದಿಡಿ. ಮೇಲ್ದರ್ಜೆಗೆ ಏರಿಸಿದ ಡೇಟಾವನ್ನು ಹಳೆಯ ಆವೃತ್ತಿ ತೆರೆಯದೇ ಹೋಗಬಹುದು.

ನಮ್ಮ ಮಂಡಿ ಯಜಮಾನರನ್ನು ಉಳಿಸಿದ್ದೂ ಆ ಫೋಲ್ಡರೇ. ಕೆಟ್ಟಿದೆ ಎಂದು ಗೋದಾಮಿನಲ್ಲಿ ಗೋಣಿಚೀಲದ ಹಿಂದೆ ಇಟ್ಟಿದ್ದ ಹಳೆಯ ಕಂಪ್ಯೂಟರಿನಲ್ಲಿ ಹೋಗಿದ್ದದ್ದು ಬರೀ ಪವರ್ ಸಪ್ಲೈ. ಅದನ್ನು ಬದಲಿಸಿ, ಸಿ ಡ್ರೈವ್‌ನಲ್ಲಿ ಯೂಸರ್ಸ್, ಪಬ್ಲಿಕ್, ಟ್ಯಾಲಿ ಪ್ರೈಮ್, ಡೇಟಾ ಎಂದು ಒಳಗೆ ಹೋದರೆ ಅಂಕಿಯ ಹೆಸರಿನ ಒಂದು ಫೋಲ್ಡರ್ ಹಾಗೇ ಕೂತಿತ್ತು. ಅದನ್ನು ನಕಲು ಮಾಡಿಕೊಂಡು ನನ್ನ ಕಂಪ್ಯೂಟರಿನಲ್ಲಿ ತೆರೆಯಲು ಹೋದಾಗ ಡೇಟಾಕ್ಕೆ ಬೀಗ ಹಾಕುವ ಟ್ಯಾಲಿ ವಾಲ್ಟ್‌ನ ಪಾಸ್‌ವರ್ಡ್ ಕೇಳಿತು. ಆ ಪಾಸ್‌ವರ್ಡ್ ಮರೆತರೆ ತೆರೆದುಕೊಡುವವರು ಯಾರೂ ಇಲ್ಲ. ಹುಡುಗನಿಗೆ ಫೋನ್ ಮಾಡಿದೆವು. ಪುಣ್ಯಕ್ಕೆ ಅವನು ಎತ್ತಿದ, ‘ಯಜಮಾನ್ರ ಅಂಗಡಿ ಶುರುವಾದ ವರ್ಷ ಹಾಕಿ ಸಾರ್’ ಅಂದ. ಯಜಮಾನರು ಅದನ್ನು ಒಂದು ಚೀಟಿಯಲ್ಲಿ ಬರೆದು, ಗಲ್ಲಾದಲ್ಲಿ ಲಕ್ಷ್ಮಿ ಪಟದ ಕೆಳಗೆ ಇಡಲು ಹೊರಟರು. ಅಲ್ಲಿ ಬೇಡ, ಮನೆಯ ಬೀರುವಿನಲ್ಲಿ ಇಡಿ ಅಂದೆ.